ಫಿನ್‌ಲ್ಯಾಂಡಿನಲ್ಲಿ ಹಾಕಿದ ಒಂದು ಸಹಿ

ಕೆ.ಆರ್. ನಗರ

ನಾನು ಪರದೇಶವೆಂದು ನೋಡಿರುವುದು ಒಂದೇ ದೇಶ, ಅದೂ ಒಂದೇ ವಾರ. ಹೋಗಿ ಬಂದು ಎರಡು ವರ್ಷವಾಗುತ್ತ ಬಂತು. ಯಾರಾದರೂ ಕೇಳಿದರೆ ಅಲ್ಲಿನ ಚಳಿ, ಅಲ್ಲಿನ ಕಾಫಿ, ಊರಿಗೂ ಊರಿಗೂ ನಡುವೆ ಇರುವ ಕಾಡು, ಇಷ್ಟನ್ನು ಹೇಳಿ ಮಾತು ಮುಗಿಸುತ್ತಿದ್ದೆ. ಮಿಕ್ಕದ್ದನ್ನು ಹೇಳಿರಲಿಲ್ಲ. ಹೇಳದೇ ಇರುವುದು ಕಷ್ಟವಾಗಿದೆ, ಅದಕ್ಕೆ ಬರೆಯುತ್ತಿದ್ದೇನೆ.

ಕೆ.ಆರ್. ನಗರದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಮೂರು ಲೇತ್ ಮಷಿನ್, ಎಂಟು ಜನ ಕೆಲಸಗಾರರು. ಐಟಿಐನಲ್ಲಿ ಟರ್ನರ್ ಕಲಿತು ಬಂದು ಒಂದು ಹಳೆಯ ಲೇತಿನಿಂದ ಶುರು ಮಾಡಿದವಳು ನಾನು. ನಾವು ಮಾಡುವುದು ವಾಲ್ವುಗಳ ಬಿಡಿಭಾಗ. ಇಲ್ಲಿಂದ ಅವು ಒಂದು ದೊಡ್ಡ ಕಂಪನಿಗೆ ಹೋಗುತ್ತವೆ, ಅಲ್ಲಿಂದ ಅಣುವಿದ್ಯುತ್ ಸ್ಥಾವರಗಳಿಗೆ. ಕಬ್ಬಿಣ ಎರಕ ಹೊಯ್ಯುವ ಮುಂಚೆ ಅದರ ಆಕಾರವನ್ನು ಮರದಲ್ಲಿ ಕಡೆದು ಅಚ್ಚು ಮಾಡಬೇಕು. ನಮ್ಮ ಅಚ್ಚುಗಳನ್ನೆಲ್ಲ ಮಾಡುವವರು ಹುಣಸೂರಿನ ನಜೀರ್ ಸಾಬರು. ಇಪ್ಪತ್ತು ವರ್ಷದಿಂದ ಅವರು ಮರ ಕಡೆಯುತ್ತಾರೆ, ನಾನು ಕಬ್ಬಿಣ ಕಡೆಯುತ್ತೇನೆ.

ನನಗೆ ಅಣುವಿದ್ಯುತ್ತಿನ ಮೇಲೆ ನಂಬಿಕೆ ಇತ್ತು, ಈಗಲೂ ಇದೆ. ಲೇತಿನ ಮೇಲೆ ಅರ್ಧ ಕಡೆದ ಸ್ಪಿಂಡಲ್, ಅಂದರೆ ವಾಲ್ವಿನ ನಡುವಿನ ಸರಳು, ಇರುವಾಗ ಕರೆಂಟು ಹೋದರೆ ಏನಾಗುತ್ತದೆ ಎನ್ನುವುದು ಗೊತ್ತಿರುವವರಿಗೆ ಈ ನಂಬಿಕೆಯನ್ನು ವಿವರಿಸಬೇಕಿಲ್ಲ.

ಆ ವರ್ಷ ಒಂದು ಒಕ್ಕೂಟ ಹುಟ್ಟಿಕೊಂಡಿತು. ಸ್ಥಾವರ ಕಟ್ಟುವ ಕಂಪನಿಗಳು, ಎಂಜಿನಿಯರುಗಳ ಸಂಘ, ಸಿಮೆಂಟಿನವರು, ಸಾಗಣೆಯವರು, ನಮ್ಮಂಥ ಸಣ್ಣ ವರ್ಕ್‌ಶಾಪಿನವರು, ಎಲ್ಲರೂ ಸೇರಿ ಒಂದೇ ದನಿಯಲ್ಲಿ ಮಾತಾಡಬೇಕು ಎಂಬುದು ಅದರ ಉದ್ದೇಶ. ದೆಹಲಿಯಲ್ಲಿ ಹೊಸ ಇಂಧನ ನೀತಿ ಬರೆಯುತ್ತಿದ್ದರು. ಗಾಳಿ, ಬಿಸಿಲಿನ ವಿದ್ಯುತ್ತಿನವರು ಗುಂಪಾಗಿ ಹೋಗಿ ಮಾತಾಡುತ್ತಾರೆ, ನಾವು ಒಬ್ಬೊಬ್ಬರೇ ಹೋಗಿ ಬಾಗಿಲಲ್ಲೇ ನಿಂತು ಬರುತ್ತೇವೆ ಎಂದು ಒಕ್ಕೂಟದ ಸಂಚಾಲಕರು ಹೇಳುತ್ತಿದ್ದರು. ಅವರು ನಿವೃತ್ತ ಎಂಜಿನಿಯರ್, ಮೃದು ಮಾತಿನ ಮನುಷ್ಯ. ನಮ್ಮ ವರ್ಕ್‌ಶಾಪಿಗೇ ಬಂದು ಸ್ಟೂಲಿನ ಮೇಲೆ ಕೂತು, "ಗೌರಮ್ಮ, ದೊಡ್ಡವರು ಎಷ್ಟು ಮಾತಾಡಿದರೂ ಅದು ವ್ಯಾಪಾರದ ಮಾತು ಅಂತ ತಳ್ಳಿಹಾಕ್ತಾರೆ. ನಿಮ್ಮಂಥವರು ಮುಂದೆ ನಿಲ್ಲಬೇಕು," ಎಂದರು. ಫಿನ್‌ಲ್ಯಾಂಡಿನಲ್ಲಿ ಜನರೇ ಒಪ್ಪಿ ಸ್ಥಾವರ ಕಟ್ಟಿಸಿಕೊಂಡಿದ್ದಾರೆ, ಅದನ್ನು ನೋಡಿಕೊಂಡು ಬಂದು ನಮ್ಮ ಮನವಿ ಬರೆಯೋಣ ಎನ್ನುವುದು ಅವರ ಯೋಜನೆ. ಹನ್ನೆರಡು ಜನರ ತಂಡದಲ್ಲಿ ನಾನು, ನಜೀರ್ ಸಾಬರು ಸೇರಿದೆವು.

ಪಾಸ್‌ಪೋರ್ಟಿನ ಫೋಟೋಕ್ಕೆ ನಗಬಾರದು ಎಂದಾಗ ನಜೀರ್ ಸಾಬರು, "ನಗೋಂಗಿದ್ರೆ ನಾನ್ಯಾಕೆ ಫೋಟೋ ತೆಗೆಸ್ಕೊಳ್ಳಾಕೆ ಬತ್ತಿದ್ದೆ," ಎಂದರು. ಸ್ಟುಡಿಯೋದವನು ನಕ್ಕು ಎರಡು ಸಲ ಫೋಟೋ ಕೆಡಿಸಿದ.

ಹೆಲ್ಸಿಂಕಿ

ನನ್ನ ಸೂಟ್‌ಕೇಸು ನನ್ನ ಜೊತೆ ಬರಲಿಲ್ಲ. ಬೆಲ್ಟಿನ ಮೇಲೆ ಎಲ್ಲರ ಸಾಮಾನು ಸುತ್ತಿ ಸುತ್ತಿ ಮುಗಿಯಿತು, ಕೊನೆಗೆ ಯಾರದೋ ಒಂದು ಮಗುವಿನ ಗಾಡಿ ಮಾತ್ರ ಸುತ್ತುತ್ತಿತ್ತು. ಸ್ವೆಟರು, ಶಾಲು, ಅಣ್ಣನ ಮನೆಯಿಂದ ತಂದಿದ್ದ ಹುರಿಹಿಟ್ಟು, ಎಲ್ಲ ಅದರಲ್ಲೇ ಇತ್ತು. ಹೊರಗೆ ಸೆಪ್ಟೆಂಬರಿನ ತುಂತುರು. ಸೀರೆಯಲ್ಲಿ ನಡುಗುತ್ತ ನಿಂತಿದ್ದೆ. ಸಂಚಾಲಕರು ತಮ್ಮ ಕೋಟು ಬಿಚ್ಚಿ ನನ್ನ ಹೆಗಲಿಗೆ ಹಾಕಿದರು. ಅವರು ಮೂರು ದಿನ ಬರೀ ಸ್ವೆಟರಿನಲ್ಲೇ ಓಡಾಡಿದರು. ಅವರಿಗೆ ಶೀತವಾಯಿತು. ಇದನ್ನು ಬರೆಯಲೇಬೇಕು, ಏಕೆಂದರೆ ಮುಂದೆ ನಡೆದದ್ದಕ್ಕೆ ಅವರನ್ನು ಕೆಟ್ಟವರೆಂದು ಯಾರೂ ತಿಳಿಯಬಾರದು.

ಮಾರನೆಯ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಅಲ್ಲಿಯವರು ಆರು ಜನ ನಿಂತಿದ್ದರು. ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಒಂದು ಎತ್ತಿನ ಗಾಡಿ ಹಾಯುವಷ್ಟು ಜಾಗ. ಮಳೆ ತಪ್ಪಿಸಿಕೊಳ್ಳಲು ನಾನು ಒಬ್ಬ ಹೆಂಗಸಿನ ಪಕ್ಕಕ್ಕೆ ಹೋದೆ. ಆಕೆ ಒಂದು ಹೆಜ್ಜೆ ಸರಿದಳು. ನನಗೆ ಜಾಗ ಬಿಡುತ್ತಿದ್ದಾಳೆಂದು ಇನ್ನೊಂದು ಹೆಜ್ಜೆ ಹೋದೆ. ಆಕೆ ಮತ್ತೆ ಸರಿದಳು. ಕಡೆಗೆ ಆಕೆ ಸೂರಿನ ಹೊರಗೆ ಮಳೆಯಲ್ಲಿ ನಿಂತಿದ್ದಳು, ಪಕ್ಕದಲ್ಲಿ ನಾನೂ ಮಳೆಯಲ್ಲಿ ನಿಂತಿದ್ದೆ. ಸೂರಿನ ಕೆಳಗೆ ಬೇಕಾದಷ್ಟು ಜಾಗ ಖಾಲಿ ಇತ್ತು. ನಜೀರ್ ಸಾಬರು ದೂರದಿಂದ, "ಅವರನ್ನ ಬುಟ್ಬುಡಿ ಅಮ್ಮ, ಇನ್ನೊಂಚೂರು ತಳ್ಳುದ್ರೆ ರೋಡಿಗೆ ಓಯ್ತಾರೆ," ಎಂದರು.

ನಜೀರ್ ಸಾಬರಿಗೆ ಊಟದ್ದೇ ಚಿಂತೆ. ಹಲಾಲ್ ಅಲ್ಲದ ಮಾಂಸ ಮುಟ್ಟುವಂತಿಲ್ಲ. ವಾರ ಪೂರ್ತಿ ಬೇಯಿಸಿದ ಆಲೂಗೆಡ್ಡೆ, ಮೀನು, ಕಪ್ಪು ರೊಟ್ಟಿಯಲ್ಲೇ ಕಳೆದರು. ರೊಟ್ಟಿಯನ್ನು ಮೇಜಿಗೆ ತಟ್ಟಿ ಸದ್ದು ಕೇಳಿ, "ಬೀಟೆ ಮರ ಇದ್ದಂಗದೆ," ಎಂದರು. ಆದರೆ ಅಲ್ಲಿನ ಬಿಳಿ ತೊಗಟೆಯ ಮರಗಳನ್ನು ಕಂಡರೆ ಸಾಕು, ನಿಂತು ಕೈಯಾಡಿಸುತ್ತಿದ್ದರು. ಎಲ್ಲಿ ನೋಡಿದರೂ ಜನ ಬುಟ್ಟಿ ಹಿಡಿದು ಅಣಬೆ ಆರಿಸುತ್ತಿದ್ದರು. ಕಾಡು ಯಾರದ್ದೇ ಆಗಿರಲಿ, ಅಣಬೆ ಆರಿಸುವುದಕ್ಕೆ ಎಲ್ಲರಿಗೂ ಹಕ್ಕಿದೆಯಂತೆ. ನಾಗರಹೊಳೆಯ ಅಂಚಿನಲ್ಲಿ ಸೌದೆ ಆಯಲು ಹೋಗಿ ಬೈಸಿಕೊಂಡು ಬಂದವರನ್ನು ಕಂಡಿರುವ ನಾವಿಬ್ಬರೂ ಇದು ನಿಜವೇ ಎಂದು ಎರಡು ಸಲ ಕೇಳಿದೆವು.

ಸ್ಥಾವರದ ಬಾಗಿಲು

ಸ್ಥಾವರ ಇರುವುದು ಪಶ್ಚಿಮದ ಕಡಲ ಅಂಚಿನಲ್ಲಿ. ಒಳಗೆ ಹೋಗುವ ಮುಂಚೆ ಮೈಮೇಲಿನ ಲೋಹವನ್ನೆಲ್ಲ ತೆಗೆದಿಡಬೇಕಿತ್ತು. ಬಳೆ ತೆಗೆದೆ, ತಾಳಿ ತೆಗೆದು ತಟ್ಟೆಯಲ್ಲಿಟ್ಟೆ. ಕಾಲುಂಗುರ ಬರಲಿಲ್ಲ. ಮದುವೆಯ ದಿನ ಹಾಕಿದ್ದು, ಬೆರಳು ಈಗ ಅದರ ಎರಡೂ ಕಡೆ ಉಬ್ಬಿದೆ. ನಮ್ಮ ತಂಡದ ಹನ್ನೊಂದು ಜನ ನನ್ನ ಹಿಂದೆ ಸಾಲಾಗಿ ನಿಂತಿದ್ದರು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ನಾನು ಹೊರಗೇ ಇರುತ್ತೇನೆ ಎಂದೆ.

ಬಾಗಿಲು ಕಾಯುವ ಹೆಂಗಸು ತಲೆಯಾಡಿಸಿ ಒಂದು ಬೋಗುಣಿಯಲ್ಲಿ ಬಿಸಿನೀರು, ಸೋಪು ತಂದಳು. ನೆಲದ ಮೇಲೆ ಮಂಡಿಯೂರಿ ನನ್ನ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ನಿಧಾನವಾಗಿ ತಿರುಗಿಸತೊಡಗಿದಳು. ಪ್ರತಿ ಸಲವೂ ಮುಖ ಎತ್ತಿ, ನೋಯುತ್ತದೆಯೇ, ಮುಂದುವರಿಸಲೇ ಎಂದು ಕೇಳುತ್ತಿದ್ದಳು. ನಾನು ಹೂಂ ಎಂದಮೇಲೇ ಮತ್ತೆ ತಿರುಗಿಸುವುದು. ಕಾಲು ಗಂಟೆ ಹಿಡಿಯಿತು. ನಮ್ಮ ತಂಡದವರು ಗಡಿಯಾರ ನೋಡಿಕೊಳ್ಳುತ್ತಿದ್ದರು. ಆಕೆಗೆ ಆತುರವಿರಲಿಲ್ಲ.

ಒಳಗೆ ನೋಡಿದ್ದನ್ನು ವರ್ಣಿಸಲು ನನಗೆ ಬರುವುದಿಲ್ಲ. ದೊಡ್ಡ ದೊಡ್ಡ ಕೊಳವೆಗಳು, ಒಂದೇ ಸಮನಾದ ಗುಂಯ್ ಸದ್ದು, ಆಸ್ಪತ್ರೆಯಂಥ ನೆಲ. ಒಂದು ಕಡೆ ಗಾಜಿನ ಹಿಂದೆ ಪಾಠಕ್ಕೆಂದು ಒಂದು ವಾಲ್ವನ್ನು ಸೀಳಿ ಇಟ್ಟಿದ್ದರು. ನಾವು ಮಾಡುವಂಥದ್ದೇ. ನಜೀರ್ ಸಾಬರು ಕೈಗಳನ್ನು ಬೆನ್ನಿನ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದರು. "ಈ ಮೂಲೆ ನೋಡಿ ಅಮ್ಮ. ಒಳಗಡೀಕೆ ಎಂಗೆ ಗುಂಡುಗೆ ಮಾಡವ್ರೆ. ನಾನೂ ಇಂಗೇ ಮಾಡಾದು. ಯಾರೂ ಏಳ್ಕೊಟ್ಟಿಲ್ಲ ಕಣಮ್ಮ, ಕೈಗೆ ಗೊತ್ತಾಯ್ತದೆ," ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಹುಣಸೂರಿನ ಒಂದು ಸಂದಿಯಲ್ಲಿ ಕೂತು ಮಾಡಿದ ಕೆಲಸ ಇಂಥ ಜಾಗಕ್ಕೆ ಸಲ್ಲುತ್ತದೆ ಎಂದು ನನಗೂ ಎದೆ ತುಂಬಿತು. ಆ ದಿನ ಸಂಚಾಲಕರು ಏನು ಕೇಳಿದ್ದರೂ ನಾನು ಮಾಡುತ್ತಿದ್ದೆ.

ಅವರು ಕೇಳಿದ್ದು ಮೂರು ದಿನದ ಮೇಲೆ.

ಹೆಲ್ಮಿಯವರ ಸಭಾಂಗಣ

ಸ್ಥಾವರದ ಪಕ್ಕದ ಊರಿನ ಪಂಚಾಯ್ತಿ ಸಭಾಂಗಣದಲ್ಲಿ ನಮಗೆ ಕಾಫಿ ಏರ್ಪಾಡಾಗಿತ್ತು. ಅಲ್ಲಿಯವರು ಕಾಫಿ ಕುಡಿಯುವುದನ್ನು ನೋಡಿದರೆ ಕೊಡಗಿನವರೂ ಸೋಲೊಪ್ಪಬೇಕು. ಲೋಟ ಖಾಲಿಯಾಗುವ ಮುಂಚೆಯೇ ತುಂಬುತ್ತಾರೆ. ನಮಗೆ ಕಾಫಿ ಬಗ್ಗಿಸುತ್ತಿದ್ದವರು ಹೆಲ್ಮಿ ಎಂಬ ವಯಸ್ಸಾದ ಹೆಂಗಸು. ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಒಂದು ಕಾಲಕ್ಕೆ ಆ ಊರಿನ ಪಂಚಾಯ್ತಿ ಸದಸ್ಯೆಯೂ ಆಗಿದ್ದರಂತೆ.

ಅಲ್ಲಿನ ಕಾನೂನಿನಲ್ಲಿ ಹೊಸ ಸ್ಥಾವರಕ್ಕೆ ಊರಿನ ಪಂಚಾಯ್ತಿ ಬೇಡ ಎಂದರೆ ಮುಗಿಯಿತು, ದೇಶದ ಸರ್ಕಾರವೂ ಮುಂದೆ ಹೋಗುವಂತಿಲ್ಲ. ಕೈ ಎತ್ತುವ ಮೊದಲು ಊರಿನವರಿಗೆಲ್ಲ ಕಾಗದ ಕಳಿಸಿ, ಇದೇ ಸಭಾಂಗಣದಲ್ಲಿ ಕೂರಿಸಿ ಕೇಳಿದ್ದರಂತೆ. ಹೆಲ್ಮಿ ಕಿಟಕಿಯ ಪಕ್ಕದ ಒಂದು ಕುರ್ಚಿ ತೋರಿಸಿ, "ನಾನು ಅಲ್ಲಿ ಕೂತಿದ್ದೆ. ಬೇಡ ಅಂತ ಕೈ ಎತ್ತಿದೆ," ಎಂದರು.

"ನಿಮ್ಮ ಮನೆಯವರು?" ಎಂದೆ.

"ಗಂಡನೂ ಸದಸ್ಯ. ಬೇಕು ಅಂತ ಕೈ ಎತ್ತಿದ. ನಮ್ಮ ಕಡೆಯವರು ಸೋತೆವು. ಆಮೇಲೆ ಇಬ್ಬರೂ ಒಂದೇ ಕಾರಿನಲ್ಲಿ ಮನೆಗೆ ಹೋದೆವು. ದಾರಿಯಲ್ಲಿ ಹಾಲು ತಗೊಂಡೆವು."

"ಬೇಜಾರಾಗಲಿಲ್ಲವೇ?"

ಅವರು ಯೋಚಿಸಿ ಹೇಳಿದರು. "ಆಯಿತು. ಈಗಲೂ ಅದರ ಚಿಮಣಿ ಕಂಡರೆ ನನಗೆ ಇಷ್ಟವಾಗುವುದಿಲ್ಲ. ಆದರೆ ಅದು ನಮ್ಮ ಊರು ಮಾಡಿದ ತೀರ್ಮಾನ. ನಾನು ಸೋತ ತೀರ್ಮಾನ, ಆದರೂ ನನ್ನದೇ." ಆಮೇಲೆ ನನ್ನ ಲೋಟ ತುಂಬುತ್ತ ಕೇಳಿದರು: "ನಿಮ್ಮಲ್ಲಿ ಯಾರು ಕೈ ಎತ್ತುತ್ತಾರೆ?"

ನನಗೆ ಗ್ರಾಮಸಭೆಯ ನೆನಪಾಯಿತು. ಪುಸ್ತಕ ಮನೆಮನೆಗೆ ಬರುತ್ತದೆ, ನಾವು ಸಹಿ ಹಾಕುತ್ತೇವೆ, ಸಭೆ ನಡೆದುಹೋಗಿರುತ್ತದೆ. "ನಮ್ಮಲ್ಲೂ ಪಂಚಾಯ್ತಿ ಇದೆ," ಎಂದಷ್ಟೇ ಹೇಳಿ ಕಾಫಿ ಚೆನ್ನಾಗಿದೆ ಎಂದೆ. ನಜೀರ್ ಸಾಬರಿಗೆ ಇಂಗ್ಲಿಷ್ ಅಷ್ಟಾಗಿ ಬಾರದು. ಆಯಮ್ಮ ಏನು ಕೇಳುದ್ರು ಎಂದರು. ಹೇಳಿದೆ. ಅವರು ಕಿಟಕಿಯ ಪಕ್ಕದ ಆ ಕುರ್ಚಿಯ ಕಡೆ ನೋಡಿದರು.

ಹೋಟೆಲಿನ ಮೀಟಿಂಗ್ ಕೋಣೆ

ಕೊನೆಯ ದಿನ ಮಧ್ಯಾಹ್ನ ಮನವಿ ಸಿದ್ಧವಾಯಿತು. ಆ ಹೊತ್ತಿಗೆ ನನ್ನ ಸೂಟ್‌ಕೇಸು ಬಂದಿತ್ತು. ಹುರಿಹಿಟ್ಟನ್ನು ಎಲ್ಲರಿಗೂ ಹಂಚಿದ್ದೆ. ಸಂಚಾಲಕರಿಗೆ ಇನ್ನೂ ಕೆಮ್ಮು. ಅವರು ಒಂದೊಂದೇ ಪುಟ ಓದಿದರು. ಇಷ್ಟು ವರ್ಷ ಬೇರೆ ಬೇರೆ ಇದ್ದವರು ಹೀಗೆ ಒಟ್ಟಿಗೆ ಕೂತಿದ್ದೇ ದೊಡ್ಡದು ಎಂದು ಎಲ್ಲರೂ ಖುಷಿಯಾಗಿದ್ದರು. ನಾನೂ ಖುಷಿಯಾಗಿದ್ದೆ. ಸಣ್ಣ ವರ್ಕ್‌ಶಾಪುಗಳಿಗೆ ನೇರವಾಗಿ ಆರ್ಡರ್ ಕೊಡಬೇಕು ಎಂಬ ನನ್ನ ಮಾತು ಅದರಲ್ಲಿ ಹಾಗೇ ಸೇರಿತ್ತು.

ಆರನೆಯ ಪುಟದಲ್ಲಿ ಒಂದು ಸಾಲು. ಜಲಾಶಯಗಳ ದಂಡೆಯಲ್ಲಿ ಸಣ್ಣ ಅಣು ರಿಯಾಕ್ಟರುಗಳನ್ನು ಕಟ್ಟುವ ಸಾಧ್ಯತೆಯನ್ನು ನೀತಿಯಲ್ಲಿ ಸೇರಿಸಬೇಕು. ಇಂಥ ಹಳ್ಳಿಗಳ ಜನರೊಂದಿಗೆ ಮಾತುಕತೆ ನಡೆಸಲಾಗಿದೆ, ಅವರು ಇದನ್ನು ಸ್ವಾಗತಿಸುತ್ತಾರೆ. ಅದರ ಕೆಳಗೆ ಒಂದು ಸಹಿಯ ಜಾಗ ಖಾಲಿ ಇತ್ತು.

"ಗೌರಮ್ಮ, ನಿಮ್ಮ ತವರು ಎಚ್.ಡಿ. ಕೋಟೆ ಕಡೆ ಅಲ್ಲವೇ? ಹಿನ್ನೀರಿನ ಹತ್ತಿರ?" ಎಂದರು ಸಂಚಾಲಕರು.

ಹೌದು. ಎನ್. ಬೇಗೂರಿನ ಕಡೆಯ ಒಂದು ಸಣ್ಣ ಹಳ್ಳಿ. ಕಬಿನಿಗೆ ಅಣೆಕಟ್ಟು ಕಟ್ಟಿದಾಗ ಮುಳುಗಿದ ಊರುಗಳಿಂದ ಎದ್ದು ಬಂದವರ ಮನೆಗಳೂ ಅಲ್ಲಿವೆ. ನನ್ನ ಅಣ್ಣ ಸಿದ್ದಣ್ಣ ಈಗಲೂ ಅಲ್ಲೇ ಬೇಸಾಯ ಮಾಡುತ್ತಾನೆ.

"ಯಾವ ಊರಿನ ಹೆಸರೂ ಇಲ್ಲ, ನೋಡಿ. ಸುಮ್ಮನೆ ಒಂದು ದನಿ ಬೇಕು. ಆ ಕಡೆಯವರು ಅಂತ ನೀವು ಒಂದು ಸಹಿ ಹಾಕಿದರೆ ಮನವಿಗೆ ತೂಕ ಬರುತ್ತೆ."

ನಾನು ಪೆನ್ನು ತೆಗೆದುಕೊಂಡೆ. ನಜೀರ್ ಸಾಬರು ಮೆಲ್ಲಗೆ, "ನಿಮ್ಮೂರವ್ರನ್ನ ಯಾವಾಗ ಕೇಳುದ್ರಿ ಅಮ್ಮ?" ಎಂದರು.

ಹನ್ನೊಂದು ಜನ ನನ್ನ ಕಡೆ ನೋಡುತ್ತಿದ್ದರು. "ಬರೋ ಮುಂಚೆ ಅಣ್ಣನ ಹತ್ರ ಮಾತಾಡಿದೀನಿ," ಎಂದೆ.

ಮಾತಾಡಿದ್ದು ನಿಜ. ಹುರಿಹಿಟ್ಟಿನ ವಿಷಯ.

ಸಹಿ ಹಾಕಿದೆ. ಅರ್ಧ ನಿಮಿಷದ ಕೆಲಸ. ಕೋಟು ಕೊಟ್ಟ ಮನುಷ್ಯನಿಗೆ ಇಲ್ಲವೆನ್ನುವುದು ಹೇಗೆ ಎನ್ನುವುದು ಒಂದು ಕಾರಣ. ನನ್ನ ಎಂಟು ಜನರಿಗೆ ಕೆಲಸ ಸಿಗಲಿ ಎನ್ನುವುದು ಇನ್ನೊಂದು. ಆದರೆ ನಿಜವಾದ ಕಾರಣ ಬೇರೆ ಎಂದು ಈಗ ಅನ್ನಿಸುತ್ತದೆ. ಅಷ್ಟು ದೊಡ್ಡವರ ನಡುವೆ ನನ್ನ ಸಹಿಗೆ ತೂಕವಿದೆ ಎಂದು ಮೊದಲ ಸಲ ಯಾರೋ ಹೇಳಿದ್ದರು. ಅದು ಹಿತವಾಗಿತ್ತು.

ಎಲ್ಲರೂ ಸಹಿ ಹಾಕುವ ಕೊನೆಯ ಪುಟ ನಜೀರ್ ಸಾಬರ ಮುಂದೆ ಹೋಯಿತು. ಹುಣಸೂರಿನ ಕುಶಲಕರ್ಮಿಗಳ ಪರವಾಗಿ ಎಂದು ಅಲ್ಲಿ ಟೈಪಾಗಿತ್ತು. ಅವರು ಅದನ್ನು ಓದಿಸಿ ಕೇಳಿಕೊಂಡು, ಪೆನ್ನಿನಿಂದ ಆ ಸಾಲನ್ನು ಗೆರೆ ಎಳೆದು ಹೊಡೆದರು. "ನಂದೊಬ್ಬಂದು ಆಕ್ತೀನಿ ಸ್ವಾಮಿ. ಅಲ್ಲಿ ಇನ್ನೂ ನಲವತ್ತು ಜನ ಬಡಗೇರು ಅವ್ರೆ, ಅವರು ಏನಂತಾರೋ ನಂಗೊತ್ತಿಲ್ಲ," ಎಂದು ತಮ್ಮ ಹೆಸರನ್ನಷ್ಟೇ ಬರೆದರು. ಸಂಚಾಲಕರು ನಕ್ಕು, ಪರವಾಗಿಲ್ಲ ಎಂದರು. ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಹಾಗೆ ಮಾಡಬಹುದಿತ್ತು ಎನ್ನುವುದು ನನಗೆ ಆಗ ಗೊತ್ತಾಯಿತು.

ವಾಪಸು ಬರುವ ವಿಮಾನದಲ್ಲಿ ಇಬ್ಬರೂ ಅಕ್ಕಪಕ್ಕ ಕೂತಿದ್ದೆವು. ಅವರು ಮರದ ವಿಷಯ ಮಾತಾಡಿದರು.

ಹುಣಸೂರು

ಊರಿಗೆ ಬಂದ ಕೆಲವು ತಿಂಗಳಿಗೆ ಪತ್ರಿಕೆಯಲ್ಲಿ ಒಂದು ಸುದ್ದಿ ಬಂತು. ಹಿನ್ನೀರಿನ ಜನರಿಂದ ಅಣುವಿದ್ಯುತ್ತಿಗೆ ಸ್ವಾಗತ ಎಂದು ಮೇಲೆ, ಕೆಳಗೆ ನನ್ನ ಫೋಟೋ. ಸಂಚಾಲಕರ ಕೋಟು ಹಾಕಿಕೊಂಡು ಹೆಲ್ಸಿಂಕಿಯಲ್ಲಿ ನಿಂತಿದ್ದು. ಎಚ್.ಡಿ. ಕೋಟೆಯ ಗೌರಮ್ಮ ಎಂದು ಹೆಸರು.

ಆವತ್ತೇ ನಜೀರ್ ಸಾಬರ ಅಂಗಡಿಗೆ ಹೋದೆ. ಅವರು ಒಂದು ಅಚ್ಚಿಗೆ ಮರಳು ಕಾಗದ ಉಜ್ಜುತ್ತಿದ್ದರು. ಪತ್ರಿಕೆ ಅಲ್ಲೇ ಇತ್ತು.

"ನಿಮ್ಮ ಹತ್ರ ಸುಳ್ಳು ಹೇಳಿದೆ ಸಾಬರೇ," ಎಂದೆ.

"ಗೊತ್ತು ಕಣಮ್ಮ. ಅವತ್ತೇ ಗೊತ್ತಾಯ್ತು."

"ಮತ್ತೆ ಯಾಕೆ ಸುಮ್ನಿದ್ರಿ?"

"ಅಷ್ಟು ಜನದ ಮುಂದೆ ನಿಮ್ಮ ಮರ್ವಾದೆ ಯಾಕೆ ಕಳೀಲಿ? ಊರಿಗೆ ಬಂದ್ಮೇಲೆ ನೀವೇ ಓಗಿ ಏಳ್ತೀರ ಅನ್ಕೊಂಡಿದ್ದೆ." ಮರದ ಪುಡಿ ಊದಿದರು. "ಓಗ್ಲಿಲ್ಲ ನೀವು."

ಅವರ ಅಚ್ಚುಗಳು ಈಗಲೂ ಬರುತ್ತವೆ, ಮೊದಲಿನಷ್ಟೇ ಚೆನ್ನಾಗಿ. ಮೊದಲೆಲ್ಲ ತಾವೇ ಹೊತ್ತು ತಂದು, ವರ್ಕ್‌ಶಾಪಿನಲ್ಲಿ ಕೂತು ಟೀ ಕುಡಿದು ಹೋಗುತ್ತಿದ್ದರು. ಈಗ ಬಸ್ಸಿನಲ್ಲಿ ಕಳಿಸುತ್ತಾರೆ.

ಸಂಚಾಲಕರಿಗೆ ಕಾಗದ ಬರೆದೆ. ನಾನು ಯಾರನ್ನೂ ಕೇಳಿಲ್ಲ, ನನ್ನ ಸಹಿ ತೆಗೆಯಿರಿ ಎಂದು. ಅವರು ತಕ್ಷಣ ಫೋನ್ ಮಾಡಿದರು. ಮನವಿ ಆಗಲೇ ದೆಹಲಿಗೆ ತಲುಪಿದೆ, ಅದರ ಮೇಲೆ ಒಳ್ಳೆಯ ಮಾತುಕತೆ ನಡೆದಿದೆ, ಮುಂದಿನ ಪ್ರತಿಯಲ್ಲಿ ಸರಿಪಡಿಸೋಣ ಎಂದರು. ಕೆಮ್ಮು ವಾಸಿಯಾಯಿತೇ ಎಂದು ಕೇಳಿದೆ. ಆಯಿತು ಎಂದರು. ಮುಂದಿನ ಪ್ರತಿ ಬಂದದ್ದನ್ನು ನಾನು ಕಂಡಿಲ್ಲ. ನಮ್ಮ ಮನವಿಯಲ್ಲಿ ಎಷ್ಟು ನೀತಿಗೆ ಸೇರುತ್ತದೋ ತಿಳಿಯದು. ಆರ್ಡರುಗಳು ಮಾತ್ರ ಬಂದವು. ಎಂಟು ಜನ ಇದ್ದಲ್ಲಿ ಈಗ ಹನ್ನೊಂದು ಜನ ಇದ್ದಾರೆ.

ತವರು

ಅಣ್ಣ ಫೋನ್ ಮಾಡಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು. ಒಂದು ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿದೆ. ಫಿನ್‌ಲ್ಯಾಂಡಿಗೆ ಹೋಗುವಾಗ ಆಗದಿದ್ದ ಹೆದರಿಕೆ ಎಚ್.ಡಿ. ಕೋಟೆಯ ಹ್ಯಾಂಡ್‌ಪೋಸ್ಟ್ ವೃತ್ತ ದಾಟುವಾಗ ಆಯಿತು.

ಹಾಲಿನ ಡೈರಿಯ ಮುಂದೆ ಜನ ಸೇರುವ ಹೊತ್ತು. ಅಣ್ಣ ಅಲ್ಲೇ ಇದ್ದ. ಮನೆಗೆ ಹೋಗೋಣ ಎಂದ. ಇಲ್ಲ, ಇಲ್ಲೇ ಹೇಳಬೇಕು ಎಂದೆ. ಮನವಿಯ ಪುಟವನ್ನು ತೆಗೆದು ಆ ಸಾಲನ್ನು ಕನ್ನಡದಲ್ಲಿ ಓದಿದೆ. ನಾನು ಯಾರನ್ನೂ ಕೇಳದೆ ನಿಮ್ಮ ಪರವಾಗಿ ಸಹಿ ಹಾಕಿದೆ, ತಪ್ಪಾಯಿತು ಎಂದೆ. ಹಾಲಿನ ಕ್ಯಾನುಗಳ ಸದ್ದು ನಿಂತಿತು.

ಯಾರೂ ಬೈಯಲಿಲ್ಲ. ಇಲ್ಲೇನಾದರೂ ಕಟ್ಟುತ್ತಾರಾ ಎಂದು ಒಬ್ಬರು ಕೇಳಿದರು. ಗೊತ್ತಿಲ್ಲ, ಮನವಿಯಲ್ಲಿ ಊರುಗಳ ಹೆಸರಿಲ್ಲ ಎಂದೆ. ಕೆಂಪಮ್ಮ ಎಂಬ ಅಜ್ಜಿ ಜಗಲಿಯ ಮೇಲೆ ಕೂತಿದ್ದಳು. ಅಣೆಕಟ್ಟಿನ ನೀರು ಬಂದಾಗ ಹೊಸ ಮದುವಣಗಿತ್ತಿಯಾಗಿದ್ದವಳು, ಪಾತ್ರೆ ಹೊತ್ತು ಇಲ್ಲಿಗೆ ನಡೆದು ಬಂದವಳು.

"ಆಗ್ಲೂ ಇಂಗೇ ಕಣವ್ವ," ಎಂದಳು. "ಊರೋರೆಲ್ಲ ಒಪ್ಪವ್ರೆ ಅಂತ ಸಾಯೇಬ್ರು ಬಂದು ಏಳುದ್ರು. ನಾವು ಒಬ್ರ ಮಕ ಒಬ್ರು ನೋಡ್ಕೊಂಡೊ. ಯಾರು ಒಪ್ಪುದ್ರು ಅಂತ ಇವತ್ತಿಗೂ ಗೊತ್ತಿಲ್ಲ. ಈ ಸತಿ ಯಾರು ಅಂತನಾದ್ರೂ ಗೊತ್ತಾಯ್ತು ಬುಡು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಜ್ಜಿಗೆ ಕೊಡಿಸಿದಳು. ಅಲ್ಲಿದ್ದವರೆಲ್ಲ ಹಾಲಿನ ಕ್ಯಾನುಗಳ ಕಡೆ ತಿರುಗಿದರು. ಮಜ್ಜಿಗೆ ಕುಡಿದು ಮುಗಿಸುವುದಕ್ಕೆ ತುಂಬ ಹೊತ್ತು ಹಿಡಿಯಿತು.

ಬಸ್ಸಿಗೆ ಬಿಡಲು ಅಣ್ಣ ಜೊತೆಗೆ ನಡೆದು ಬಂದ. ರಸ್ತೆಯ ಅಂಚಿಗೆ ಬಂದಮೇಲೆ ಕೇಳಿದ.

"ಆ ದೇಸದಲ್ಲಿ ನಿಜ್ವಾಗ್ಲೂ ಕೇಳ್ತಾರಾ?"

"ಕೇಳ್ತಾರೆ ಅಣ್ಣ. ಕೂರಿಸಿ ಕೇಳ್ತಾರೆ."

"ನನ್ನ ಕೇಳಿದ್ರೆ ನಾನು ಬೇಕು ಅಂತಿದ್ದೆ ಕಣೆ," ಎಂದ. "ಪಂಪ್‌ಸೆಟ್ಟಿಗೆ ಕರೆಂಟು ಯಾವಾಗ ಬತ್ತದೋ ಅಂತ ಕಾಯ್ಕೊಂಡು ಅರ್ಧ ಆಯಸ್ಸು ಕಳೆದ್ನಲ್ಲ. ಬಾಯ್ಬುಟ್ಟು ಏಳ್ತಿದ್ದೆ, ನಾಕು ಜನಕ್ಕೂ ಏಳ್ತಿದ್ದೆ." ತಲೆಯ ಮೇಲಿನ ಟವೆಲ್ಲು ತೆಗೆದು ಮುಖ ಒರೆಸಿಕೊಂಡ. "ಈಗ ಏಳುದ್ರೆ, ತಂಗಿ ಸೈನು ಆಕವ್ಳೆ, ಅದುಕ್ಕೆ ಏಳ್ತಾವ್ನೆ ಅಂತಾರೆ. ಬ್ಯಾಡ ಅಂದ್ರೂ ಅಂಗೇ ಅಂತಾರೆ, ತಂಗಿ ಮಾಡಿದ್ದು ಮುಚ್ಚಾಕೆ ಅಂತ. ನಾನು ಯಾವ್ದೂ ಏಳಂಗಿಲ್ಲ ಕಣೆ ಈಗ."

ಬಸ್ಸು ಬಂತು. ನಾನು ಹತ್ತಿ ಕಿಟಕಿಯ ಪಕ್ಕ ಕೂತೆ. ಅವನು ಆಗಲೇ ಊರಿನ ಕಡೆ ತಿರುಗಿ ನಡೆಯುತ್ತಿದ್ದ.